ಸಾರು ಹಾಕಿದ ಊರಿನಲ್ಲಿ ಅರ್ಧ ಚಮಚ ಸಾಸಿವೆ

ಹೊಂಗೆಬೈಲು ವಸಾಹತು,
ಫ್ರೇಜರ್‌ಪೇಟೆ ಅಂಚೆ
೧೭ ಏಪ್ರಿಲ್ ೧೯೫೪

ಪೂಜ್ಯ ಅಕ್ಕನಿಗೆ ನಾಣಯ್ಯನ ನಮಸ್ಕಾರಗಳು.

ಯುಗಾದಿಗೆ ನೀನು ಕಳಿಸಿದ ಸಾಸಿವೆ ಪೊಟ್ಟಣದ ಮೇಲೆ ಬಲಗೈಯಿಟ್ಟು ಪ್ರಮಾಣ ಮಾಡಿ ಒಪ್ಪಿಕೊಳ್ಳುತ್ತಿದ್ದೇನೆ: ನಿನ್ನೆ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆಗೆ, ಬಾಗಿಲು ಭದ್ರ ಮಾಡಿಕೊಂಡು, ಯಾರ ಪ್ರಚೋದನೆಯೂ ಇಲ್ಲದೆ, ಸ್ವಂತ ನಾಲಿಗೆಯ ಹೊರತು, ನಾನು ಅರ್ಧ ಚಮಚ ಸಾಸಿವೆ ಸಿಡಿಸಿದೆ. ಜೊತೆಗೆ ಬೆಳ್ಳುಳ್ಳಿ ಎರಡು ಎಸಳು, ಒಣಮೆಣಸು ಒಂದು. ಕರಿಬೇವು ಇರಲಿಲ್ಲ. ಅಪರಾಧದಲ್ಲಿ ಅಷ್ಟನ್ನು ವಜಾ ಮಾಡಿಕೊಳ್ಳಬೇಕು.

ಇದೇನು ಅಪರಾಧವೋ ಎಂದು ಹುದಿಕೇರಿಯಲ್ಲಿ ಕೂತು ನಗಬೇಡ. ಇಲ್ಲಿನ ಮೂವತ್ತು ಮನೆಯವರೂ ಹಾಸನ, ಮೈಸೂರು ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರೆಂದು ನಿನಗೆ ಗೊತ್ತು. ಗಾಡಿಯಲ್ಲಿ ನೇಗಿಲು, ಒನಕೆಗಳ ನಡುವೆ ಮಾರಮ್ಮನನ್ನೂ ಕೂರಿಸಿಕೊಂಡು ಬಂದಿದ್ದಾರೆ. ಹಬ್ಬಕ್ಕೆ ಹದಿನಾಲ್ಕು ದಿನ ಮೊದಲು ತಮಟೆ ಹೊಡೆದು ಊರಿಗೆಲ್ಲ ಸಾರುತ್ತಾರೆ. ಅದಕ್ಕೆ ‘ಸಾರು ಹಾಕುವುದು’ ಎಂದೇ ಹೆಸರು. ಸಾರು ಹಾಕಿದ ಮೇಲೆ ಊರಿನವರು ಆಚೆ ಹೋಗಿ ತಂಗುವ ಹಾಗಿಲ್ಲ, ಆಚೆಯವರು ಬಂದು ಉಳಿಯುವ ಹಾಗಿಲ್ಲ, ಯಾವ ಮನೆಯಲ್ಲೂ ಒಗ್ಗರಣೆ ಹಾಕುವ ಹಾಗಿಲ್ಲ. ಬಾಣಲೆಯಲ್ಲಿ ಸಾಸಿವೆ ಸಿಡಿದರೆ ಮಕ್ಕಳ ಮೈಮೇಲೆ ಸಿಡುಬು ಏಳುತ್ತದಂತೆ. ಹೀಗಾಗಿ ಊರಿಗೆ ಸಾರು ಬಿದ್ದ ದಿನದಿಂದ ನನ್ನ ತಟ್ಟೆಗೆ ಬೀಳುವ ಸಾರು ಸಪ್ಪೆ. ರಜೆ ಸಿಕ್ಕಿದ ಕೂಡಲೇ ನಿನ್ನಲ್ಲಿಗೆ ಓಡಬೇಕೆಂದಿದ್ದವನು ಮಂಗಳವಾರ ತಮಟೆ ಸದ್ದು ಕೇಳಿ ಹಾಸಿಗೆ ಬಿಚ್ಚಿದೆ. ನಾಲ್ಕು ದಿನ ಬೇಯಿಸಿದ ಹುರುಳಿಯ ನೀರು ಕುಡಿದ ಬಿ.ಎ. ಪದವೀಧರನ ಮನಸ್ಥಿತಿಯನ್ನು ನ್ಯಾಯಾಲಯವು ಪರಿಗಣಿಸಬೇಕು.

ಶಾಲೆ ಹಾಗೇ ಇದೆ. ನಾಲ್ಕು ಕಂಬ, ಮೇಲೊಂದಿಷ್ಟು ಹುಲ್ಲು. ಗೋಡೆಗೆ ಮಂಜೂರಾತಿ ಬಂದಿದೆ, ಗೋಡೆ ಬಂದಿಲ್ಲ. ಪಾಠ ಕೇಳಲು ದನಗಳೂ ಬರುತ್ತವೆ. ಹಾಜರಿಯಲ್ಲಿ ಅವೇ ಮುಂದು.

ನನ್ನ ಬೇಲಿಯಾಚೆ ರುದ್ರಮ್ಮ ಎಂಬ ಹೆಂಗಸು ಇದ್ದಾರೆ. ಅರಸೀಕೆರೆ ಕಡೆಯವರು, ಗಂಡ ಇಲ್ಲ, ಮಕ್ಕಳಿಲ್ಲ, ಮೂರು ಎಕರೆ ಲಂಟಾನಾ ಪೊದೆಯನ್ನು ತಾವೇ ಕಡಿದು, ತಾವೇ ಉತ್ತು ರಾಗಿ ಬೆಳೆದವರು. ಊರಲ್ಲಿ ಮಾರಮ್ಮನಿಗೆ ಕೈ ಮುಗಿಯದವರು ಇವರೊಬ್ಬರೇ. ಮೊನ್ನೆ ಊರ ಯಜಮಾನರು ಸಣ್ಣಸ್ವಾಮಿಯವರು ಹಬ್ಬಕ್ಕೆ ಮನೆಗೊಂದು ಕೋಳಿ ಎಂದು ಕೇಳಲು ಹೋದಾಗ, “ನಂಗಿರೋದು ಒಂದೇ ದೇವ್ರು ಯಜಮಾನ್ರೇ, ಕೊರಳಲ್ಲೇ ಐತೆ. ಇನ್ನೊಬ್ರಿಗೆ ಮುಗಿಯನ ಅಂದ್ರೆ ಎರಡು ಕೈಯೂ ನೇಗಿಲ ಮೇಲೈತೆ,” ಎಂದರಂತೆ. ಎಂಥ ಮಾತು! ನನ್ನ ಹೈಸ್ಕೂಲು ವ್ಯಾಕರಣ, ಕಾಲೇಜು ಅಲಂಕಾರ ಎಲ್ಲ ಸೇರಿಸಿದರೂ ಅಂಥ ಒಂದು ವಾಕ್ಯ ನನ್ನಿಂದ ಹೊರಟಿಲ್ಲ.

ಬಾವನಿಗೆ ನಮಸ್ಕಾರ. ನಿನ್ನ ಅತ್ತೆಗೆ ಸಾಷ್ಟಾಂಗ.

ನಿನ್ನ ತಮ್ಮ,
ನಾಣಯ್ಯ


ತೋಟದ ಕ್ವಾರ್ಟರ್ಸ್, ಹುದಿಕೇರಿ
೨೧ ಏಪ್ರಿಲ್ ೧೯೫೪

ನಾಣಿಗೆ ಅಕ್ಕನ ಆಶೀರ್ವಾದ.

ಕಾಗದ ಓದಿ ನಿನ್ನ ಬಾವ ನಕ್ಕು ನಕ್ಕು ಕಾಫಿ ಚೆಲ್ಲಿಕೊಂಡರು. ತೋಟದ ರೈಟರಾಗಿ ಅವರು ಬರೆಯುವ ಲೆಕ್ಕದ ಪುಸ್ತಕದ ಮೇಲೆ. ಈಗ ಮ್ಯಾನೇಜರಿಗೆ ಏನು ಹೇಳುವುದೆಂದು ಯೋಚಿಸುತ್ತ ಕೂತಿದ್ದಾರೆ, ಅದು ನಿನ್ನ ಪಾಪಕ್ಕೇ ಸೇರಲಿ.

ಒಗ್ಗರಣೆ ಇಲ್ಲದೆ ನಾಲ್ಕು ದಿನ ಇರಲಾರದವನು ನೀನು ಎಂದು ನನಗೆ ಗೊತ್ತಿಲ್ಲವೆ? ಅಪ್ಪನ ತಿಥಿಯ ದಿನವೂ ಅಟ್ಟದ ಮೇಲೆ ಒಣಮೀನು ಸುಟ್ಟು ತಿಂದವನು. ಹೋಗಲಿ. ಯಾರಿಗೂ ಗೊತ್ತಾಗಲಿಲ್ಲ ತಾನೆ?

ಆ ರುದ್ರಮ್ಮನ ಬಗ್ಗೆ ಇನ್ನಷ್ಟು ಬರಿ. ಒಂಟಿ ಹೆಂಗಸು ನೇಗಿಲು ಹಿಡಿಯುತ್ತಾಳೆ ಅಂದರೆ ಅತ್ತೆ ನಂಬುತ್ತಿಲ್ಲ. ನಾನು ನಂಬಿದ್ದೇನೆ.

ನೀಲಾವತಿ


ಹೊಂಗೆಬೈಲು
೨೪ ಏಪ್ರಿಲ್ ೧೯೫೪

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ರುದ್ರಮ್ಮನ ಬಗ್ಗೆ ಬರಿ ಅಂದೆ. ಊರೇ ಈಗ ಅವರ ಬಗ್ಗೆ ಬರೆಸಲು ಹೊರಟಿದೆ, ಅದೂ ನನ್ನ ಕೈಯಲ್ಲಿ.

ಆದದ್ದು ಇಷ್ಟು. ಭಾನುವಾರ ಪುಟ್ಟಸ್ವಾಮಿಯ ಎರಡು ವರ್ಷದ ಮಗಳಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದವು. ಫ್ರೇಜರ್‌ಪೇಟೆಯಿಂದ ಲಸಿಕೆ ಹಾಕುವವನು ಬಂದು ನೋಡಿ, ಇದು ಸೀತಾಳೆ, ಸಿಡುಬಲ್ಲ, ಎಂಟು ದಿನಕ್ಕೆ ಒಣಗುತ್ತದೆ ಅಂದ. ಆದರೆ ಆ ಹೊತ್ತಿಗೆ ಪುಟ್ಟಸ್ವಾಮಿಯ ಹೆಂಡತಿ ನಿಂಗಮ್ಮನಿಗೆ ನೆನಪಾಗಿಬಿಟ್ಟಿತ್ತು: ಶುಕ್ರವಾರ ಮಧ್ಯಾಹ್ನ ಬಾವಿಯಿಂದ ನೀರು ತರುವಾಗ ಶಾಲೆಯ ಕಡೆಯಿಂದ ಸಾಸಿವೆ ಸಿಡಿದ ಘಮಲು ಬಂದಿತ್ತಂತೆ. ಶಾಲೆಯ ಕಡೆ ಇರುವುದು ಎರಡೇ ಒಲೆ. ಒಂದು ಮೇಷ್ಟರದು. ಮೇಷ್ಟರು ಓದಿದವರು, ಮರ್ಯಾದಸ್ಥರು. ಇನ್ನೊಂದು ರುದ್ರಮ್ಮನದು. ಮಾರಮ್ಮನಿಗೆ ಕೈ ಮುಗಿಯದವಳು ಇನ್ನೇನು ತಾನೆ ಮಾಡುವುದಿಲ್ಲ?

ಪುಟ್ಟಸ್ವಾಮಿ ಕೆಟ್ಟವನಲ್ಲ ಅಕ್ಕ. ಮೊದಲ ವರ್ಷದ ಚಳಿಜ್ವರದಲ್ಲಿ ಅವನ ದೊಡ್ಡ ಮಗ ಹೋದ. ಈ ಮಗುವನ್ನು ಹೆಗಲಿಂದ ಇಳಿಸದೆ ಊರೆಲ್ಲ ಸುತ್ತುತ್ತಾನೆ. “ಅವಳ ದೇವ್ರು ಅವಳಿಗೆ, ಬ್ಯಾಡ ಅನ್ನಲ್ಲ. ನನ್ನ ಕೂಸಿನ ಮೈ ಏನ್ ಮಾಡಿತ್ತು ಮೇಷ್ಟ್ರೇ?” ಎಂದು ನನ್ನ ಮುಖ ನೋಡಿ ಕೇಳಿದ.

ಈಗ ಊರ ಸಂಘ ತೀರ್ಮಾನಕ್ಕೆ ಕೂರಲಿದೆ. ಜಮೀನು ಕೊಟ್ಟು ಮೂರು ವರ್ಷ ತುಂಬಿದೆ. ಜೂನ್‌ನಲ್ಲಿ ಎಲ್ಲರಿಗೂ ಪಟ್ಟೆ ಬರುತ್ತದೆ. ‘ಇವರು ಊರಿನವರೊಂದಿಗೆ ಹೊಂದಿಕೊಂಡು ಇದ್ದಾರೆ’ ಎಂದು ಸಂಘ ಬರೆದುಕೊಟ್ಟರೆ ಪಟ್ಟೆ. ಇಲ್ಲದಿದ್ದರೆ ಜಮೀನು ಬೇರೆಯವರಿಗೆ. ರುದ್ರಮ್ಮ ಹೊಂದಿಕೊಂಡಿಲ್ಲವೆಂದು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಲು ನನಗೆ ಹೇಳಿದ್ದಾರೆ. ಶಾಯಿ ಒಣಗಿದೆ ಎಂದೆ. ಶಾಯಿ ತರಿಸಿಕೊಟ್ಟಿದ್ದಾರೆ.

ಹಬ್ಬ ಮುಗಿದ ಮೇಲೆ, ೨೯ನೇ ತಾರೀಖು ಗುರುವಾರ ಸಭೆ, ಶಾಲೆಯಲ್ಲೇ. ನೀನು ಹೆದರಬೇಡ. ನಾನು ಮಾತಾಡುತ್ತೇನೆ. ಬಿ.ಎ.ಗೆ ಓದಿದ ಅಮೆರಿಕಾದ ವಸಾಹತುಗಳ ಚರಿತ್ರೆ ಇಷ್ಟು ವರ್ಷಕ್ಕೆ ಕೈ ಹಿಡಿಯಿತು ನೋಡು! ಇಂಗ್ಲೆಂಡಿನಲ್ಲಿ ತಮ್ಮ ರೀತಿಯಲ್ಲಿ ಪ್ರಾರ್ಥನೆ ಮಾಡಲು ಬಿಡಲಿಲ್ಲ ಎಂದು ಒಂದು ಗುಂಪು ಹಡಗು ಹತ್ತಿ ಸಮುದ್ರ ದಾಟಿತು. ಕಾಡು ಕಡಿದು ಊರು ಕಟ್ಟಿತು. ಕಟ್ಟಿ ಮುಗಿಸಿದ ಮೇಲೆ ಮೊದಲು ಮಾಡಿದ ಕೆಲಸವೇನು ಗೊತ್ತೆ? ಬೇರೆ ರೀತಿ ಮಾತಾಡಿದ ಒಬ್ಬ ಪಾದ್ರಿಯನ್ನು ಚಳಿಗಾಲದ ಹಿಮದಲ್ಲಿ ಊರು ಬಿಡಿಸಿದ್ದು! ಅವನು ಹಿಮದಲ್ಲಿ ನಡೆದು ನಡೆದು ಇನ್ನೊಂದು ಊರು ಕಟ್ಟಿದ. ಅಲ್ಲಿ ಯಾರು ಯಾರನ್ನು ಬೇಕಾದರೂ ಪೂಜಿಸಬಹುದಿತ್ತು. ಅವರದೂ ವಸಾಹತು, ನಮ್ಮದೂ ವಸಾಹತು. ಅವರಿಗೆ ಹಡಗು, ನಮಗೆ ಎತ್ತಿನ ಗಾಡಿ. ಅವರಿಗೆ ಹಿಮ, ನಮಗೆ ಚಳಿಜ್ವರ. ಭಾಷಣ ಎಂಟು ಪುಟ ಆಗಿದೆ. ಏಳನೇ ಪುಟದಲ್ಲಿ ನನಗೇ ಕಣ್ಣೀರು ಬರುತ್ತದೆ.

ಹಬ್ಬಕ್ಕೆ ತಮಟೆ ಹದ ಮಾಡುತ್ತಿದ್ದಾರೆ. ಸದ್ದು ಎದೆಯೊಳಗೇ ಹೊಡೆದ ಹಾಗಿದೆ.

ನಾಣಯ್ಯ


ಹುದಿಕೇರಿ
೨೭ ಏಪ್ರಿಲ್ ೧೯೫೪

ನಾಣಿ,

ಭಾಷಣ ಚೆನ್ನಾಗಿದೆ. ಹಿಮದಲ್ಲಿ ನಡೆದ ಪಾದ್ರಿಯ ಕಥೆಯನ್ನು ಅತ್ತೆಗೆ ಓದಿ ಹೇಳಿದೆ. ಪೂರ್ತಿ ಕೇಳಿ ಅವರು ಒಂದೇ ಮಾತು ಅಂದರು: “ಅದೆಲ್ಲ ಸರಿ, ಸಾಸಿವೆ ಯಾರದ್ದು?”

ನಾನೂ ಅದನ್ನೇ ಕೇಳುತ್ತಿದ್ದೇನೆ. ಪೊಟ್ಟಣ ಕಟ್ಟಿದವಳು ನಾನು. ನನ್ನ ಸಾಸಿವೆಯಿಂದ ಒಂದು ಹೆಂಗಸಿನ ಮೂರು ಎಕರೆ ಹೋಗಬಾರದು. ಎಂಟು ಪುಟ ಬೇಡ. ‘ಸಾಸಿವೆ ನನ್ನದು’ ಅನ್ನಲು ಎರಡು ಪದ ಸಾಕು.

ನೀಲಾವತಿ


(ಕಾರ್ಡು)
ಹುದಿಕೇರಿ
೮ ಮೇ ೧೯೫೪

ಸಭೆ ಆಗಿ ಒಂಬತ್ತು ದಿನ ಆಯಿತು. ನಿನ್ನಿಂದ ಸುದ್ದಿಯಿಲ್ಲ. ಕೈಗೇನಾದರೂ ಆಗಿದೆಯೆ? ಆಗದಿದ್ದರೆ ಕೂಡಲೇ ಬರಿ.
ನೀ.


ಹೊಂಗೆಬೈಲು
೧೧ ಮೇ ೧೯೫೪

ಪೂಜ್ಯ ಅಕ್ಕನಿಗೆ ನಮಸ್ಕಾರಗಳು.

ತಡವಾಯಿತು, ಕ್ಷಮಿಸು. ವಿಜಯಶಾಲಿಗಳಿಗೆ ಪತ್ರ ಬರೆಯಲು ಬಿಡುವಿರುವುದಿಲ್ಲ.

ರುದ್ರಮ್ಮನ ಜಮೀನು ಉಳಿಯಿತು! ಸಭೆಯಲ್ಲಿ ಹೆಚ್ಚು ಕಡಿಮೆ ಎಪ್ಪತ್ತು ಜನ. ಪುಟ್ಟಸ್ವಾಮಿ ಮಾತಾಡಿದ, ಯಜಮಾನರು ಮಾತಾಡಿದರು, ರುದ್ರಮ್ಮ ಎರಡು ಮಾತು ಹೇಳಿದರು. ಆಮೇಲೆ ಎದ್ದು ನಿಂತವನು ಒಬ್ಬನೇ, ನಿನ್ನ ತಮ್ಮ. ಎಪ್ಪತ್ತು ಮುಖಗಳೂ ನನ್ನ ಕಡೆ ತಿರುಗಿದವು. ಎಂಟು ಪುಟದ ಅಗತ್ಯವೇ ಬೀಳಲಿಲ್ಲ. ನಾನು ಆಡಿದ್ದು ಒಂದೇ ವಾಕ್ಯ. ಅದು ಬಾಯಿಂದ ಬಿದ್ದದ್ದೇ ತಡ, ಸಭೆಯ ಬಿಗಿಯೆಲ್ಲ ಸಡಿಲವಾಯಿತು. ಸಣ್ಣಸ್ವಾಮಿಯವರು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿ, “ಆಯ್ತು, ಏಳ್ರಪ್ಪಾ,” ಅಂದರು. ಪುಟ್ಟಸ್ವಾಮಿಯೇ ಬಂದು ನನ್ನ ಬೆನ್ನು ತಟ್ಟಿದ. ಮಗುವಿನ ಗುಳ್ಳೆಯೂ ಒಣಗಿತ್ತು.

ನನ್ನ ಆ ವಾಕ್ಯ ಈಗ ಊರೆಲ್ಲ ಓಡಾಡುತ್ತಿದೆ. ಬಾವಿಕಟ್ಟೆಯಲ್ಲಿ, ಗದ್ದೆಯ ಬದುವಿನಲ್ಲಿ, ಯಾರು ಎದುರಾದರೂ ಅದನ್ನು ನನಗೇ ತಿರುಗಿ ಹೇಳುತ್ತಾರೆ. ಓದಿದ್ದು ಸಾರ್ಥಕವಾಯಿತು ಅನ್ನಿಸುತ್ತಿದೆ.

ನಾಣಯ್ಯ


ಹುದಿಕೇರಿ
೧೬ ಮೇ ೧೯೫೪

ಪ್ರೀತಿಯ ನಾಣಿಗೆ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಎರಡನೇ ಸಲಕ್ಕೆ ಕಣ್ಣು ಒದ್ದೆಯಾಯಿತು. ಅಷ್ಟು ಜನರ ಮುಂದೆ ಎದ್ದು ನಿಂತು ‘ಸಾಸಿವೆ ನನ್ನದು’ ಎಂದು ಒಪ್ಪಿಕೊಂಡೆಯಲ್ಲ! ಸಣ್ಣವನಿದ್ದಾಗ ಒಡೆದ ಮಡಕೆಯನ್ನು ಬೆಕ್ಕಿನ ಮೇಲೆ ಹಾಕುತ್ತಿದ್ದವನು. ಅಪ್ಪ ಇರಬೇಕಿತ್ತು.

ನಿನ್ನ ಬಾವ ಕಾಗದವನ್ನು ಆಫೀಸಿಗೆ ಕೊಂಡುಹೋಗಿ ಎಲ್ಲರಿಗೂ ಓದಿದ್ದಾರೆ. ಕೂಲಿಯವರ ಲೈನ್‌ಮನೆಯ ಬೊಳ್ಳಮ್ಮನವರೆಗೂ ನಿನ್ನ ಹೆಸರು ಮುಟ್ಟಿದೆ. ಅತ್ತೆ ಮಾತ್ರ, “ಆ ಒಂದು ಮಾತು ಎಂತದ್ದು ಅಂತ ಬರಿಲೇ ಇಲ್ಲ ಅಲ್ಲ ಹುಡುಗ?” ಎನ್ನುತ್ತಿದ್ದಾರೆ. ನೀನು ಸಂಕೋಚದಿಂದ ಬರೆದಿಲ್ಲ ಎಂದು ನಾನು ಹೇಳಿದೆ.

೨೩ನೇ ತಾರೀಖು ಭಾನುವಾರ ನಾನೂ ಅತ್ತೆಯೂ ಬರುತ್ತಿದ್ದೇವೆ. ರುದ್ರಮ್ಮನನ್ನು ನೋಡಬೇಕು, ಅವರ ಎದುರು ನಿನ್ನನ್ನು ನಿಲ್ಲಿಸಿ ಆ ದಿನದ ಕಥೆಯನ್ನು ಅವರ ಬಾಯಲ್ಲೇ ಕೇಳಬೇಕು. ಅತ್ತೆಗೆ ತಡೆಯಲಾಗುತ್ತಿಲ್ಲ.

ನಿನ್ನ ಅಕ್ಕ,
ನೀಲಾವತಿ


ಹೊಂಗೆಬೈಲು
೧೯ ಮೇ ೧೯೫೪

ಅಕ್ಕ,

ನೀನು ಬಸ್ಸು ಹತ್ತುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಅತ್ತೆ ರುದ್ರಮ್ಮನ ಬಾಯಲ್ಲಿ ಕೇಳುವ ಬದಲು ನೀನು ನನ್ನ ಬಾಯಲ್ಲೇ ಕೇಳಿಬಿಡು.

ಹಿಂದಿನ ಕಾಗದದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ನೀನು ಅದರಲ್ಲಿ ಓದಿಕೊಂಡ ಒಂದಕ್ಷರವೂ ನಿಜವಲ್ಲ.

ಅರ್ಜಿಯನ್ನು ಬರೆದದ್ದು ನಾನು. ಮುತ್ತಿನಂಥ ಅಕ್ಷರದಲ್ಲಿ, ಅಂಚು ಬಿಟ್ಟು. ಅದನ್ನು ಸಣ್ಣಸ್ವಾಮಿಯವರು ಕೈಯಲ್ಲಿ ಹಿಡಿದು, “ಏನಮ್ಮ ರುದ್ರವ್ವ, ಸಾರು ಹಾಕಿದ್ದಾಗ ಒಗ್ಗರಣೆ ಹಾಕಿದ್ದು ಹೌದಾ? ಇಲ್ಲ ಅಂದ್ರೆ ಇಲ್ಲ ಅನ್ನು,” ಎಂದರು. ನನ್ನ ಎಂಟು ಪುಟ ಜೇಬಿನಲ್ಲಿತ್ತು. ಬೆವರಿಗೆ ಒದ್ದೆಯಾಗಿ ಎದೆಗೆ ಅಂಟಿಕೊಂಡಿತ್ತು. ಪಾದ್ರಿ ಅಲ್ಲೇ ಹಿಮದಲ್ಲಿ ಸಿಕ್ಕಿಕೊಂಡಿದ್ದ.

ರುದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ನಿಮ್ಮಮ್ಮಂಗೆ ನಾನು ಕೈ ಮುಗಿಯಲ್ಲ. ಅವತ್ತೂ ಅಂದೆ, ಇವತ್ತೂ ಅಂತೀನಿ, ಪಟ್ಟೆ ಹೋದ್ರೂ ಅಂತೀನಿ. ಆದ್ರೆ ಯಜಮಾನ್ರೇ, ಸಾರು ಹಾಕಿದ ಹದಿನಾಕು ದಿನ ನನ್ನ ಒಲೆ ಮ್ಯಾಲೆ ಒಂದು ಕಾಳು ಸಾಸಿವೆ ಸಿಡಿದಿಲ್ಲ. ಯಾಕೆ ಗೊತ್ತಾ? ನಂಗೆ ನಂಬಿಕೆ ಅಂತಲ್ಲ. ನಿಂಗವ್ವ ಆ ವಾಸ್ನೆ ಕುಡಿದು, ಕೂಸಿನ ಮೈ ಮುಟ್ಟಿ ಮುಟ್ಟಿ ನೋಡ್ತಾಳಲ್ಲ, ಆ ಭಯ ಅವಳಿಗೆ ಬ್ಯಾಡ ಅಂತ. ನಿಮ್ಮ ದೇವ್ರು ನಂದಲ್ಲ. ನಿಮ್ಮ ಮಕ್ಳು ನಂದಲ್ಲ ಅಂತ ಯಾವತ್ತಾದ್ರೂ ಅಂದಿದ್ದೀನಾ?”

ಚಳಿಜ್ವರದ ವರ್ಷ ಮೂವತ್ತು ಮನೆಗೂ ಕಷಾಯ ಕಾಯಿಸಿ ಹೊತ್ತವರು ಅವರು. ಪುಟ್ಟಸ್ವಾಮಿಯ ದೊಡ್ಡ ಮಗ ಹೋದದ್ದು ಅವರ ತೊಡೆಯ ಮೇಲೆ.

“ಮತ್ತೆ ಯಾರದವ್ವ ಆ ವಾಸ್ನೆ?” ಎಂದ ಪುಟ್ಟಸ್ವಾಮಿ.

“ಗೊತ್ತು. ಹೇಳಲ್ಲ. ಹೇಳಿದ್ರೆ ನನ್ನ ಬಿಟ್ಟು ಅವರನ್ನ ಓಡಿಸ್ತೀರಿ. ಓಡಿಸೋದೇ ಬ್ಯಾಡ ಅಂತ ನಾನು ಅಂತಿರೋದು.”

ಅಕ್ಕ, ನಾನು ಮೂರು ವರ್ಷ ಕಾಲೇಜಿನಲ್ಲಿ ಓದಿದ್ದನ್ನು ಆಕೆ ಒಂದು ಉಸಿರಲ್ಲಿ ಹೇಳಿ ಮುಗಿಸಿದರು. ಆ ಪಾದ್ರಿ ತನ್ನನ್ನು ಓಡಿಸಿದವರನ್ನು ಕ್ಷಮಿಸಿದನೋ ಇಲ್ಲವೋ ಪುಸ್ತಕದಲ್ಲಿಲ್ಲ. ಈಕೆಗೆ ಓಡಿಸಲು ಬಂದವರ ಮೇಲೆ ಕೋಪವಿರಲಿಲ್ಲ, ಸಿಕ್ಕಿಹಾಕಿಸಿದ ನನ್ನ ಮೇಲೂ ಇರಲಿಲ್ಲ. ಮಾತು ಮುಗಿಸಿ ಕೂರುವಾಗ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಿನ್ನ ಕಾಗದ ಬಂದ ದಿನ ರಾಗಿ ಹಸನು ಮಾಡುತ್ತಿದ್ದ ಅವರ ಮುಂದೆ ಹೋಗಿ ನಿಂತು ಎಲ್ಲ ಒಪ್ಪಿಕೊಂಡೆ. ಮೊರದಿಂದ ಕಣ್ಣೆತ್ತದೆ, “ಅವತ್ತೇ ಗೊತ್ತಾಯ್ತು ಬುಡಿ ಮೇಷ್ಟ್ರೇ. ಒಗ್ಗರಣೇಲಿ ಕರಿಬೇವಿನ ವಾಸ್ನೆ ಇರ್ಲಿಲ್ಲ. ಈ ಊರಲ್ಲಿ ಕರಿಬೇವಿನ ಗಿಡ ಇಲ್ದಿರೋ ಮನೆ ನಿಮ್ದೊಂದೇ,” ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಒಂದು ಸಸಿ ಕಿತ್ತು ತಂದು ಬೇರಿಗೆ ಮಣ್ಣು ಮೆತ್ತಿ ನನ್ನ ಕೈಗೆ ಕೊಟ್ಟರು. ನೆಟ್ಟಿದ್ದೇನೆ. ಎರಡು ಎಲೆ ಬಾಡಿವೆ, ಬದುಕೀತು.

ಅಲ್ಲಿಂದ ನೇರ ಸಣ್ಣಸ್ವಾಮಿಯವರ ಮನೆಗೆ ಹೋಗಿ ಅಲ್ಲೂ ಹೇಳಿದೆ. ಅವರು ಎಲೆಯಡಿಕೆ ಜಗಿಯುತ್ತಲೇ, “ನೀವು ಓದಿದೋರು, ನಿಮ್ಗೆ ದಂಡ ಹಾಕಕ್ಕೆ ನಂಗೆ ಬರಲ್ಲ. ಬರೋ ವರ್ಷ ತಮಟೆಯೋರ ಜತೆ ಮನೆ ಮನೆ ಬಾಗಿಲಿಗೂ ಹೋಗಿ ‘ಒಗ್ಗರಣೆ ಹಾಕ್ಬ್ಯಾಡಿ’ ಅಂತ ಸಾರು ಹಾಕೋರು ನೀವೇ,” ಎಂದರು. ಪುಟ್ಟಸ್ವಾಮಿ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅದು ಸರಿಯೇ. ನಿಂಗಮ್ಮ ಮಾತ್ರ ಮಗುವನ್ನು ಎತ್ತಿಕೊಂಡು ರುದ್ರಮ್ಮನ ಜಗುಲಿಯಲ್ಲಿ ಕೂತಿದ್ದಳು. ರುದ್ರಮ್ಮ ಊರಿನವರೊಂದಿಗೆ ಹೊಂದಿಕೊಂಡಿದ್ದಾರೆ ಎಂಬ ಪತ್ರವನ್ನು ನಿನ್ನೆ ಬರೆದೆ, ಅದೇ ಶಾಯಿಯಲ್ಲಿ. ಉಳಿದ ಇಪ್ಪತ್ತೊಂಬತ್ತು ಮನೆಯ ಹೆಬ್ಬೆಟ್ಟೂ ಬಿದ್ದಿವೆ, ಪುಟ್ಟಸ್ವಾಮಿಯದು ಎಲ್ಲಕ್ಕಿಂತ ಮೊದಲು. ಮುಂದಿನ ವರ್ಷವೂ ಅವರು ಮಾರಮ್ಮನಿಗೆ ಕೈ ಮುಗಿಯುವುದಿಲ್ಲ. ಮುಂದಿನ ವರ್ಷವೂ ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದೇನೆ.

ಇನ್ನು ಉಳಿದದ್ದು ಆ ಒಂದು ವಾಕ್ಯ. ಅತ್ತೆ ಕೇಳಿದ್ದು.

ರುದ್ರಮ್ಮ ಕೂತ ಮೇಲೆ ನಾನು ಎದ್ದದ್ದು ನಿಜ. ‘ಸಾಸಿವೆ ನನ್ನದು’ ಅನ್ನಲೆಂದೇ ಎದ್ದೆ, ನಿನ್ನಾಣೆ. ಎರಡು ಪದವನ್ನೂ ಬಾಯಿಗೆ ತಂದುಕೊಂಡಿದ್ದೆ. ಎಪ್ಪತ್ತು ಮುಖ ನನ್ನತ್ತ ತಿರುಗಿತು. ಪುಟ್ಟಸ್ವಾಮಿಯ ಹೆಗಲ ಮೇಲಿಂದ ಆ ಮಗುವೂ ತಿರುಗಿ ನೋಡಿತು. ಕೊನೆಗೆ ಬಾಯಿಂದ ಬಂದದ್ದು ಇದು:

“ಯಾಕೋ ಸೆಕೆ ಜಾಸ್ತಿಯಾಯಿತು... ಕಿಟಕಿ ತೆಗೆಯಲೆ?”

ಮೊದಲು ನಕ್ಕವರು ರುದ್ರಮ್ಮ. ಆಮೇಲೆ ಇಡೀ ಊರು. ನಮ್ಮ ಶಾಲೆಗೆ ಇನ್ನೂ ಗೋಡೆ ಬಂದಿಲ್ಲ ಎಂದು ನಿನಗೆ ಬರೆದಿದ್ದೆನಲ್ಲ.

ನಾಣಯ್ಯ